ಅಧಿಕಮಾಸದಲ್ಲಿ ಮಕಾತೊ ಅಜ್ಜಿ ಸತ್ತದ್ದು

ಊರಿನಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ತಿಂಗಳು ತುಂಬುತ್ತಲೇ ಅದನ್ನು ಮೊದಲು ಎತ್ತಿಕೊಂಡು ಬರುವುದು ಪಡುಮನೆಯ ಜಗಲಿಗೆ. ಮಕಾತೊ ಅಜ್ಜಿಯ ಬಲಗೈ ಹಿಡಿದು ಕೂಸಿನ ನೆತ್ತಿಗೆ ಮುಟ್ಟಿಸಿ, “ಅಜ್ಜೀ, ನಿಮ್ಮ ಆಯಸ್ಸಲ್ಲಿ ಒಂದ್ ಚೂರು ನಮ್ ಮಗೂಗೂ ಅಂಟ್ಲಿ” ಎನ್ನುತ್ತಾರೆ. ಅಜ್ಜಿ ನಕ್ಕು, ಬೆರಳು ತಾಗಿಸಿ, ಮಲ್ಲಿಗೆ ಚಹಾ ಕುಡಿಸಿ ಕಳಿಸುತ್ತಾಳೆ. ಅವರು ಓಣಿ ತಿರುಗಿದ ಮೇಲೆ ಆ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಸುಮ್ಮನೆ ನೋಡುತ್ತಾ ಕೂರುತ್ತಾಳೆ. ಅದೇ ಕೈಯನ್ನು ಹಿಡಿದುಕೊಂಡು ಅವಳ ಫುಮಿ ಸತ್ತದ್ದು ಚಹಾ ಕುಡಿದು ಹೋದವರಿಗೆ ಗೊತ್ತಿಲ್ಲ. ಗೊತ್ತಿದ್ದವರೆಲ್ಲ ಹೋಗಿಬಿಟ್ಟಿದ್ದಾರೆ. ಉಳಿದವನು ಮಗನೊಬ್ಬ, ಅವನಿಗೂ ಆಗ ಮೂರು ವರ್ಷ.

ಫುಮಿ ಅವಳ ಚೊಚ್ಚಲ ಮಗಳು. ಹುಟ್ಟಿದ ದಿನಕ್ಕೇ ಒಂದು ವರ್ಷ ಹಿಡಿಯುವ ನಮ್ಮ ಲೆಕ್ಕದಲ್ಲಿ ಅವಳಿಗೆ ಐದು. ದಡಾರ ಬಂದು ನಾಲ್ಕೇ ದಿನಕ್ಕೆ ಮುಗಿದುಹೋಯಿತು. ಇದೆಲ್ಲ ಆಗಿ ಎಪ್ಪತ್ತೊಂದು ವರ್ಷ.

ಒಕಿನಾವಾದ ನಮ್ಮ ಉತ್ತರದ ಕಡೆ ಗೋರಿಯೆಂದರೆ ಮನೆಯೇ. ಗುಡ್ಡದ ಮೈಗೆ ಆಮೆಯ ಬೆನ್ನಿನಂತೆ ಕಟ್ಟಿದ ಕಲ್ಲಿನ ಮನೆ. ಒಳಗೆ ಮುತ್ತಜ್ಜ, ಅಜ್ಜ, ಅವರ ಹೆಂಡಂದಿರು, ಎಲ್ಲರ ಮೂಳೆಗಳೂ ಅಕ್ಕಿಸಾರಾಯಿಯಲ್ಲಿ ತೊಳೆಸಿಕೊಂಡು ಮಣ್ಣಿನ ಭರಣಿಗಳಲ್ಲಿ ಸಾಲಾಗಿ ಕೂತಿರುತ್ತವೆ. ಅಲ್ಲಿ ಒಬ್ಬರಿಗೊಬ್ಬರು ಜೊತೆ. ಆದರೆ ಏಳು ವರ್ಷ ತುಂಬದ ಮಗು ಸತ್ತರೆ ಅದಕ್ಕೆ ಒಳಗೆ ಜಾಗವಿಲ್ಲ. ಗೋಡೆಯ ಹೊರಗೆ ಎಲ್ಲೋ ಒಂದು ಕಡೆ ಗುಂಡಿ ತೋಡಿ, ಗುರುತಿಗೆ ಕಲ್ಲೂ ಇಡದೆ ಮುಚ್ಚಿಬಿಡುವುದು. ಗುರುತಿಟ್ಟರೆ ಅದು ತಮ್ಮ ತಂಗಿಯರನ್ನೂ ಕರೆಯುತ್ತದೆಯಂತೆ. ತಾಯಿಯಾದವಳು ಹಿಂದೆ ಹೋಗುವಂತೆಯೂ ಇಲ್ಲ. ಇಪ್ಪತ್ತಾರು ವರ್ಷದ ಮಕಾತೊ ಹೋದಳು. ಕೇದಗೆ ಪೊದೆಯ ಸಂದಿಯಲ್ಲಿ ಮೈಯೆಲ್ಲ ಮುಳ್ಳು ಚುಚ್ಚಿಸಿಕೊಂಡು ಕೂತು, ಗಂಡನೂ ಮಾವನೂ ಎಲ್ಲಿ ಅಗೆದರು ಎಂಬುದನ್ನು ನೋಡಿಕೊಂಡು ಬಂದಳು. ಬದುಕಿರುವವರ ಪೈಕಿ ಆ ಜಾಗ ಅವಳೊಬ್ಬಳಿಗೇ ಗೊತ್ತು.

ಗೋರಿ ತೆರೆಯುವುದು, ಅದರ ಸುತ್ತ ಅಗೆಯುವುದು ಬೇಕೆಂದಾಗ ಆಗದು. ಮನೆಯಲ್ಲಿ ಸಾವಾಗಬೇಕು, ಇಲ್ಲವೇ ಅಧಿಕಮಾಸ ಬರಬೇಕು. ಅಧಿಕಮಾಸವೆಂದರೆ ದೇವರುಗಳ ಲೆಕ್ಕಕ್ಕೆ ಸಿಗದ ತಿಂಗಳು. ಅವರ ಕಣ್ಣು ಆಗ ಬೇರೆಲ್ಲೋ ಇರುವುದರಿಂದ ಗೋರಿ ಕಟ್ಟುವುದು, ಕೆಡಹುವುದು, ಮೂಳೆ ಸಾಗಿಸುವುದು ಎಲ್ಲ ಆಗಲೇ ಆಗಬೇಕು. ಎರಡು ಮೂರು ವರ್ಷಕ್ಕೊಮ್ಮೆ ಅದು ಬಂದೇ ಬರುತ್ತದೆ. ಬಂದಾಗಲೆಲ್ಲ ಮಕಾತೊ ಕೇಳಿದಳು, “ಫುಮೀನ ಒಳಗೆ ಕರ್ಕೊಳ್ಳೋಣ.” ಮಾವ ಬಾಯಿ ಬಿಡಲಿಲ್ಲ. ಅತ್ತೆ ಬಿಟ್ಟಳು, “ನಾನಿರೋ ತನಕ ಆಗಲ್ಲ.”

ಬೇರೆ ಯಾವ ಊರಾದರೂ ಆಗಿದ್ದರೆ ಈ ಮಾತಿಗೆ ಒಂದು ಕೊನೆ ಇರುತ್ತಿತ್ತು. ನಮ್ಮೂರಿನ ಜನಕ್ಕೆ ಸಾಯುವುದರಲ್ಲಿ ವಿಪರೀತ ಸಾವಧಾನ. ಅತ್ತೆ ನೂರಮೂರು ವರ್ಷ ಬದುಕಿದಳು, ಕೊನೆಯ ವಾರದವರೆಗೂ ತನ್ನ ಗೆಣಸು ತಾನೇ ಸುಲಿದು ತಿಂದಳು. ಅವಳು ಹೊರಟ ದಿನ ಸೊಸೆಗೆ ಎಂಬತ್ತೊಂದು. ಹೊರಗಿನವರು ಕೋಲು ಹಿಡಿದು ಮೂಲೆ ಸೇರುವ ವಯಸ್ಸಿಗೆ ನಮ್ಮ ಹೆಂಗಸರಿಗೆ ಸೊಸೆತನ ಮುಗಿಯುತ್ತದೆ ನೋಡಿ! ಗಂಡ ಅಷ್ಟರಲ್ಲಿ ಎಪ್ಪತ್ತೆರಡಕ್ಕೇ, ಊರವರ ಮಾತಿನಲ್ಲಿ ಚಿಕ್ಕ ಪ್ರಾಯದಲ್ಲೇ, ಹೋಗಿದ್ದ. ಆಮೇಲೆ ಮಗ ಸೇಯಿತೋಕುವಿನ ಸರದಿ. ಒಳ್ಳೆಯವನು, ಆದರೆ ಎಲ್ಲವನ್ನೂ ಮುಂದಕ್ಕೆ ಹಾಕುವವನು. ಒಂದು ಅಧಿಕಮಾಸದಲ್ಲಿ ಅವನಿಗೆ ಮಂಡಿನೋವು, ಇನ್ನೊಂದರಲ್ಲಿ ಊರಿಗೆಲ್ಲ ಜ್ವರ, ಮತ್ತೊಂದರಲ್ಲಿ ಚಂಡಮಾರುತ.

“ಅಮ್ಮಾ, ಮುಂದಿನ್ ಸಲ ಗ್ಯಾರಂಟಿ.”

“ಆಗ್ಲಿ, ಇರ್ತೀನಿ” ಎನ್ನುತ್ತಿದ್ದಳು ಅವಳು. ಇದ್ದಳು ಕೂಡ.

ನಾಹಾ ಪಟ್ಟಣದಿಂದ ವರ್ಷಕ್ಕೊಮ್ಮೆ ಡಾಕ್ಟರುಗಳು ಬರುತ್ತಾರೆ. ಅಜ್ಜಿಯ ಕೈಹಿಡಿತ ಅಳೆಯುತ್ತಾರೆ, ರಕ್ತ ತೆಗೆಯುತ್ತಾರೆ, ಒಂಟಿ ಕಾಲಲ್ಲಿ ನಿಲ್ಲಿಸುತ್ತಾರೆ. ಏನು ತಿನ್ನುತ್ತೀರಿ, ಎಷ್ಟು ನಿದ್ದೆ, ಏನು ಗುಟ್ಟು ಎಂದು ಕೇಳುತ್ತಾರೆ. ಅಜ್ಜಿ ಹಾಗಲಕಾಯಿ ಅನ್ನುತ್ತಾಳೆ, ಟೋಫು ಅನ್ನುತ್ತಾಳೆ, ಒಮ್ಮೆ ಬೇಜಾರಾಗಿ “ಹಂದಿಕಾಲಿನ ಸಾರು” ಎಂದಿದ್ದಳು. ಅದನ್ನೂ ಬರೆದುಕೊಂಡು ಹೋದರು. ನಿಜ ಹೇಳಿದ್ದು ಗೋಜೆಗೆ ಮಾತ್ರ. ಗೋಜೆ ಪಕ್ಕದ ಮನೆಯವಳು. ತೊಂಬತ್ತೊಂದರ ಚಿಕ್ಕವಳು, ಬಾಯಿ ಮಾತ್ರ ಬಹಳ ದೊಡ್ಡದು. ಇಬ್ಬರೂ ದಿನವೂ ಜಗಲಿಯಲ್ಲಿ ಕೂತು ಬಾಳೆನಾರಿನ ಎಳೆಗೆ ಎಳೆ ಗಂಟು ಹಾಕಿ ನೂಲು ಮಾಡುತ್ತಾರೆ.

“ನಾನು ಸತ್ರೆ ಅವರ ಪಕ್ಕ ಇಟ್ಟು ಬಾಗ್ಲು ಮುಚ್ತಾರೆ” ಎಂದಳು ಮಕಾತೊ ಒಂದು ದಿನ, ಗಂಟಿನಿಂದ ಕಣ್ಣು ತೆಗೆಯದೆ. “ಅವ್ಳು ಹೊರಗೆ. ಹೊರಗಿದ್ದಾಳೆ ಅಂತ ಗೊತ್ತಿರೋಳು ನಾನೊಬ್ಳೇ. ನಾನೂ ಒಳಗೆ ಹೋಗ್ಬಿಟ್ರೆ ಅವ್ಳಿಗೆ ಯಾರಿದಾರೆ? ಹ್ಯಾಗೆ ಸಾಯ್ಲಿ ಹೇಳು.”

ಗೋಜೆ ತನ್ನ ಎಳೆಗೆ ಇನ್ನೊಂದು ಗಂಟು ಹಾಕಿದಳು.

ಈ ವರ್ಷ ಎಲ್ಲವೂ ಒಟ್ಟಿಗೇ ಬಂದು ಕೂತವು. ಕಳೆದ ಸಲದ ಮಳೆಗೆ ಗೋರಿಯ ಹಿಂದಿನ ಗುಡ್ಡ ಬಿರುಕು ಬಿಟ್ಟಿತ್ತು. ಅಧಿಕ ಆರನೆಯ ತಿಂಗಳಲ್ಲಿ ಭರಣಿಗಳನ್ನೆಲ್ಲ ಕೆಳಗೆ ಸಮುದ್ರದ ದಿಕ್ಕಿನ ಹೊಸ ಗೋರಿಗೆ ಸಾಗಿಸುವುದೆಂದು ನಿಶ್ಚಯವಾಯಿತು. ಹಳೆಯ ಜಾಗವನ್ನು ಮಣ್ಣು ತುಂಬಿ ಕಾಂಕ್ರೀಟು ಹಾಕಿ ಮುಚ್ಚುತ್ತಾರೆ. ಎಂದರೆ ಫುಮಿಯನ್ನು ತೆಗೆದರೆ ಈಗಲೇ, ಇಲ್ಲದಿದ್ದರೆ ಇನ್ನಿಲ್ಲ. ಮುಂದಕ್ಕೆ ಹಾಕುವುದಕ್ಕೆ ಸೇಯಿತೋಕುವಿಗೂ ಜಾಗ ಉಳಿಯಲಿಲ್ಲ. “ತೆಗೆಯೋಣಮ್ಮ” ಎಂದುಬಿಟ್ಟ. ಅಜ್ಜಿ ಒಳಗೆ ಹೋಗಿ ಒಲೆದೇವರ ಮುಂದೆ ಊದುಬತ್ತಿ ಹಚ್ಚಿ ಬಹಳ ಹೊತ್ತು ಕೂತಿದ್ದಳು. ಸೊಸೆ ಕಿಕುಯೆ ಇಣುಕಿ ನೋಡಿದಾಗ ಮುದುಕಿ ಏನನ್ನೂ ಬೇಡುತ್ತಿರಲಿಲ್ಲ, ಸುಮ್ಮನೆ ತಲೆದೂಗುತ್ತಿದ್ದಳು.

ಆದರೆ ಇಲಿ, ಹಾವು, ಕುದುರೆ ಎಂದು ಹನ್ನೆರಡು ಪ್ರಾಣಿಗಳ ಹೆಸರಿನಲ್ಲಿ ಸುತ್ತುವ ನಮ್ಮ ವರ್ಷಗಳಲ್ಲಿ ಇದು ಹಾವಿನದು. ಮಕಾತೊ ಹುಟ್ಟಿದ್ದೂ ಹಾವಿನ ವರ್ಷವೇ. ಹನ್ನೆರಡು ವರ್ಷಕ್ಕೊಮ್ಮೆ ಹುಟ್ಟುವರ್ಷ ತಿರುಗಿ ಬಂದಾಗ ಆ ಮನುಷ್ಯ ಹೆಣ ನೋಡಬಾರದು, ಗೋರಿಯ ಹತ್ತಿರ ಸುಳಿಯಬಾರದು. ಎಂಟನೆಯ ಸುತ್ತು ಮುಗಿಸಿದ ತೊಂಬತ್ತೇಳರ ವರ್ಷ ದೊಡ್ಡ ಹಬ್ಬ. ಒಂಬತ್ತನೇ ತಿಂಗಳ ಏಳನೇ ದಿನ ಮುದುಕರ ಕೈಗೆ ಕಾಗದದ ಗಿರಗಿಟ್ಲೆ ಕೊಟ್ಟು, ಹೂವಿನ ಕಾರಿನಲ್ಲಿ ಕೂರಿಸಿ ಊರೆಲ್ಲ ಮೆರೆಸುತ್ತೇವೆ. ಮುದುಕರು ಮತ್ತೆ ಮಕ್ಕಳಾದರೆಂದು ಅದರ ಅರ್ಥ. ಊರ ಯಜಮಾನ ಆಗಲೇ ಕಾರು ಗೊತ್ತು ಮಾಡಿ, ಟೀವಿಯವರಿಗೂ ಹೇಳಿದ್ದ. ಪಕ್ಕದೂರಿನ ಪಂಚಾಂಗದ ಮುದುಕಿಯನ್ನು ಕೇಳಿಬಂದ ಸೇಯಿತೋಕು ಮುಖ ಸಣ್ಣದು ಮಾಡಿಕೊಂಡು ಜಗಲಿಯಲ್ಲಿ ಕೂತ.

“ನೀನು ಬರೋ ಹಾಗಿಲ್ಲವಂತಮ್ಮ. ಜಾಗ ಎಲ್ಲಿ ಅಂತ ಹೇಳ್ಬಿಡು, ನಾನೇ ತೆಗೀತೀನಿ.”

“ಹೇಳಲ್ಲ.”

“ಹೇಳಲ್ಲ ಅಂದ್ರೆ?”

“ಕರ್ಕೊಂಡ್ ಹೋಗು, ತೋರಿಸ್ತೀನಿ.”

“ಹಠ ಮಾಡ್ಬೇಡಮ್ಮ. ಹುಟ್ಟುವರ್ಷ ನಿಂದು.”

“ತೊಂಬತ್ತೇಳಾಯ್ತು. ಇನ್ನು ನನಗೇನು ಕೇಡು ಬರ್ಬೇಕೋ? ಚಿಕ್ಕ ವಯಸ್ಸಲ್ಲಿ ಸತ್ತೋಗ್ತೀನಾ?”

ಕಿಕುಯೆಗೆ ನಗು ತಡೆಯಲಾಗಲಿಲ್ಲ. ಸೇಯಿತೋಕು ನಗಲಿಲ್ಲ. “ಕೇಡು ನಿನಗಲ್ಲ” ಎಂದ. “ಮನೇಲಿ ಎಲ್ಲಾರಿಗಿಂತ ಎಳೇ ಜೀವ ಯಾವುದಿದೆಯೋ ಅದಕ್ಕಂತೆ.”

ಎಳೆಯ ಜೀವ ಇನ್ನೂ ಹುಟ್ಟಿರಲಿಲ್ಲ. ಮೊಮ್ಮಗಳು ಚಿನಾತ್ಸು ಏಳು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಕರೆದುಕೊಂಡು ಹೋಗೆಂದು ಅಜ್ಜಿ ಮತ್ತೆ ಕೇಳಲಿಲ್ಲ. ಆದರೆ ಜಾಗ ಮಾತ್ರ ಹೇಳಲಿಲ್ಲ. ಎಪ್ಪತ್ತೊಂದು ವರ್ಷ ಯಾರ ಕೈಗೂ ಕೊಡದೆ ಕಾದಿಟ್ಟುಕೊಂಡದ್ದು ಅದೊಂದೇ. ಕೊಟ್ಟುಬಿಟ್ಟರೆ ತನ್ನನ್ನು ಮನೆಯಲ್ಲಿ ಕೂರಿಸಿ ಹೋಗುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಭರಣಿಗಳನ್ನು ಸಾಗಿಸಿದ ದಿನ ಸೇಯಿತೋಕು ತನ್ನ ಬುದ್ಧಿ ಓಡಿಸಿದ. ಪ್ರತಿ ವಸಂತದಲ್ಲೂ ನಾವೆಲ್ಲ ಗೋರಿಯ ಅಂಗಳಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಹಿರಿಯರ ಮುಂದೆ ಕೂತು ಉಂಡು ಬರುತ್ತೇವೆ. ಅಮ್ಮ ಯಾವಾಗಲೂ ಕೂರುತ್ತಿದ್ದದ್ದು ಒಂದೇ ಕಡೆ, ಗೋಡೆ ಮುಗಿಯುವ ಬಲಗಡೆಯ ಕಂಬದ ಬುಡದಲ್ಲಿ. ಬಿಸಿಲಿದ್ದರೂ ಅಲ್ಲೇ, ಹನಿ ಬಿದ್ದರೂ ಅಲ್ಲೇ. ‘ಇನ್ನೆಲ್ಲಿರುತ್ತಾಳೆ ಅಕ್ಕ?’ ಎಂದುಕೊಂಡು ಆ ಕಂಬದ ಹೊರಮಗ್ಗುಲಲ್ಲೇ ಸೊಂಟದಾಳ ಅಗೆದ. ಬೇರು ಸಿಕ್ಕಿತು, ಏಡಿ ಸಿಕ್ಕಿತು, ಒಂದು ಮುರಿದ ಬಟ್ಟಲು ಸಿಕ್ಕಿತು. ಸಂಜೆ ಮಣ್ಣುಮೈಯಲ್ಲಿ ಬಂದು ನಿಂತ.

“ಎಲ್ಲಿ ಅಗೆದೆ?” ಎಂದಳು ಮಕಾತೊ.

“ನೀನು ಕೂರೋ ಜಾಗದಲ್ಲಿ.”

“ಅಯ್ಯೋ ದಡ್ಡ! ನಿಮ್ಮಜ್ಜಿ ಕಣ್ಣು ಇರ್ತಿದ್ದಿದ್ದೇ ನನ್ಮೇಲೆ. ಫುಮಿ ಪಕ್ಕ ಹೋಗಿ ಕೂತಿದ್ರೆ ಬಿಡ್ತಿದ್ಳಾ? ನಾನು ಕೂತಿದ್ದು ಅವ್ಳಿರೋ ಕಡೆ ಅಲ್ಲ ಕಣೋ. ಅವ್ಳಿರೋದು ಕಾಣೋ ಕಡೆ.”

ಹೇಳಿದ ಮೇಲೆ ಅವಳಿಗೇ ದುಃಖ ಒತ್ತರಿಸಿ ಬಂತು. ಅಷ್ಟು ವರ್ಷ ಎಲ್ಲರ ಜೊತೆ ಕಡುಬು ತಿನ್ನುತ್ತ, ನಗುತ್ತ, ತಗ್ಗು ಗೋಡೆಯಾಚೆ ಎದುರಿಗೆ ಕಾಣುವ ಒಂದು ಮೊಳ ನೆಲವನ್ನು ಓರೆಗಣ್ಣಿನಲ್ಲಿ ನೋಡಿದ್ದೇ ಅವಳಿಗೆ ದಕ್ಕಿದ್ದು. ಅತ್ತೆ ಹೋದ ಮೇಲೂ, ಗೋರಿಯೊಳಗಿಂದ ಅವಳ ಕಣ್ಣು ಇದ್ದೇ ಇದೆಯೆಂದು, ಒಮ್ಮೆಯೂ ಅಲ್ಲಿ ಕೈಯಿಡಲಾಗಲಿಲ್ಲ. ಸೇಯಿತೋಕು ಕಾಲು ತೊಳೆಯಲು ಹೋದ. ಅಧಿಕಮಾಸದಲ್ಲಿ ಇನ್ನು ಉಳಿದದ್ದು ಮೂರು ದಿನ.

ಮರುದಿನ ಮಧ್ಯಾಹ್ನ ಚಿನಾತ್ಸು ಅಜ್ಜಿಯ ಪಕ್ಕ ಬಂದು ಕಾಲು ಚಾಚಿ ಕೂತಳು. ಮಗು ಒದೆಯುತ್ತಿತ್ತು. ಅಭ್ಯಾಸದಂತೆ ಅಜ್ಜಿಯ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಳ್ಳಲು ಹೋದರೆ ಮಕಾತೊ ಬೆಂಕಿ ತಾಗಿದವಳಂತೆ ಕೈ ಎಳೆದುಕೊಂಡಳು.

“ಯಾಕಜ್ಜಿ?”

“ಬೇಡ ಕಣೇ. ಮೂರು ದಿನದಿಂದ ನಿನ್ನ ಕೂಸಿನ ವಿಚಾರ ಮನಸ್ಸಲ್ಲಿ ಸರಿ ಇಟ್ಕೊಂಡಿಲ್ಲ ನಾನು. ಆದದ್ದಾಗ್ಲಿ, ಹೋಗೇ ಹೋಗ್ತೀನಿ ಅನ್ಕೋತಿದ್ದೆ.” ಎಳೆದುಕೊಂಡ ಕೈಯನ್ನು ಮಡಿಲಲ್ಲಿಟ್ಟುಕೊಂಡು, “ಎಡಗಡೆ ಗೋಡೆ ಒಳಕ್ಕೆ ಬಾಗೋ ಜಾಗ ಇದೆ ನೋಡು, ಅದರ ಹೊರಗಡೆ. ಗೋಡೆಗೆ ಬೆನ್ನು ಕೊಟ್ಟು ಮೂರು ಹೆಜ್ಜೆ. ನಿಮ್ಮಪ್ಪಂಗೆ ಹೇಳು. ನಾನು ಬರಲ್ಲ” ಎಂದಳು.

ಎಪ್ಪತ್ತೊಂದು ವರ್ಷದ ಗಂಟು ಅಷ್ಟು ಸುಲಭವಾಗಿ ಬಿಚ್ಚಿದ್ದಕ್ಕೆ ಚಿನಾತ್ಸುವಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. “ಅಲ್ಲಿ ಹೋಗಿ ಏನು ಮಾಡ್ಬೇಕು ಅಂತಿದ್ರಿ ಅಜ್ಜಿ?” ಎಂದು ಕೇಳಿದಳು.

“ಮುಖ ನೋಡ್ಬೇಕಿತ್ತು.”

“ಇಷ್ಟು ವರ್ಷದ ಮೇಲೆ ಮುಖ ಎಲ್ಲಿರತ್ತೆ?”

“ಗೊತ್ತು. ಅಷ್ಟೂ ಗೊತ್ತಿಲ್ವಾ ನನಗೆ?” ಮಕಾತೊ ನಾರಿನ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. “ಮರ್ತುಹೋಗಿದೆ ಚಿನಾ. ಹದಿನೈದು ವರ್ಷ ಆಯ್ತು. ಮೊದ್ಲು ಕಣ್ಣು ಮುಚ್ಚಿದ್ರೆ ಬರ್ತಿದ್ಳು. ಒಂದಿನ ಬರ್ಲಿಲ್ಲ. ಆಮೇಲೆ ಬರ್ಲೇ ಇಲ್ಲ. ಒಂದು ಫೋಟೋನೂ ಇಲ್ಲ. ಅವ್ಳ ಲಂಗದ ಬಣ್ಣ ಗೊತ್ತು, ಕೂದ್ಲು ಕತ್ತರಿಸಿದ್ದು ಗೊತ್ತು, ಮುಖ ಇರೋ ಕಡೆ ಏನೂ ಇಲ್ಲ. ಊರೋರೆಲ್ಲ ನನ್ ಆಯಸ್ಸು ಕೇಳ್ತಾರಲ್ಲ, ಉದ್ದ ಆಯಸ್ಸು ಮಾಡಿದ್ದು ಇದನ್ನೇ. ತಿಂದ್ಹಾಕ್ಬಿಡ್ತು.”

ಚಿನಾತ್ಸು ಅಜ್ಜಿಯನ್ನು ತಬ್ಬಿಕೊಂಡು ಅತ್ತಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, ಚಪ್ಪಲಿ ಹುಡುಕದೆ ಬರಿಗಾಲಲ್ಲಿ ನೇರ ಗೋಜೆಯ ಮನೆಗೆ ನಡೆದಳು.

ಮರುಬೆಳಿಗ್ಗೆ ಗೋಜೆ ಪಡುಮನೆಯ ಪಡಸಾಲೆಯಲ್ಲಿ ಪಂಚಾಯಿತಿಯನ್ನೇ ಕೂಡಿಸಿದಳು. ಸೇಯಿತೋಕು, ಕಿಕುಯೆ, ಊರ ಯಜಮಾನ ಸಾಲಾಗಿ ಕೂತರು. ಯಜಮಾನನಿಗೆ ಎಂಬತ್ತೆರಡು, ಗೋಜೆಗೆ ಹೆದರುವ ವಯಸ್ಸೇ.

“ಗಿರಗಿಟ್ಲೆ ಹಬ್ಬ ಮೊದಲು ಹ್ಯಾಗಿತ್ತು ಅಂತ ಗೊತ್ತೇನ್ರೋ ನಿಮಗೆ?” ಎಂದು ಶುರು ಮಾಡಿದಳು. “ಹೂವಿನ ಕಾರಂತೆ, ಮೈಕಂತೆ! ನಾನು ಹುಡುಗಿ ಆಗಿದ್ದಾಗ ನಮ್ಮ ತವರೂರಲ್ಲಿ ಅಜ್ಜಿಗೆ ಮಾಡಿದ್ದು ನೋಡಿದೀನಿ. ಬಿಳೀ ಬಟ್ಟೆ ಉಡಿಸಿ, ತಲೆ ಹತ್ರ ಅನ್ನದ ಬಟ್ಟಲು ಇಟ್ಟು, ಸತ್ತವರನ್ನ ಸಾಗಿಸೋ ಹಾಗೇ ಸಾಗಿಸ್ತಿದ್ರು. ಏಳು ಕೂಡುದಾರಿ ದಾಟಿಸ್ಬೇಕು. ಊರೋರೆಲ್ಲ ಬಾಗ್ಲು ಹಾಕ್ಕೊಂಡು ಒಳಗೆ. ಯಾರೂ ನೋಡಂಗಿಲ್ಲ. ದಾಟಿ ವಾಪಸ್ ಬಂದ್ಮೇಲೆ ಅವ್ಳು ಹೊಸಾ ಕೂಸು. ಅದಕ್ಕೇ ಕಣ್ರೋ ಕೈಗೆ ಗಿರಗಿಟ್ಲೆ ಕೊಡೋದು.”

“ಅದಕ್ಕೂ ಇದಕ್ಕೂ ಏನಜ್ಜಿ ಸಂಬಂಧ?” ಎಂದ ಯಜಮಾನ.

“ಮಕಾತೊಗೆ ನಾಳೆ ಆ ಹಬ್ಬ ಮಾಡಿ. ಸತ್ತೋರಿಗೆ ಯಾವ ಹಾವಪ್ಪಾ, ಯಾವ ಕುದುರೆ? ಏಳು ಕೂಡುದಾರಿ ದಾಟಿ, ವಾಪಸ್ ಬರೋ ಮೊದ್ಲು, ಗೋರಿ ಹತ್ರ ಹೋಗ್ಲಿ. ಹೆಣ ಗೋರಿಗೆ ಹೋದ್ರೆ ಯಾವ ದೇವರು ಬೇಡ ಅಂತಾನೆ?”

“ಒಂಬತ್ತನೇ ತಿಂಗಳಿಗೆ ಟೀವಿಯವ್ರು ಬರ್ತಾರಜ್ಜಿ, ಕಾರು ಹೇಳಿದೀನಿ…”

“ಬರ್ಲಿ ಬಿಡು. ಆಗ ಮೆರೆಯೋ ಕೂಸು ಬೇರೆ, ನಾಳೆ ಸಾಯೋ ಮುದುಕಿ ಬೇರೆ.”

ಪಂಚಾಂಗದ ಮುದುಕಿಗೆ ಫೋನು ಹೋಯಿತು. ಸೇಯಿತೋಕು ಎಲ್ಲವನ್ನೂ ಬೆವರುತ್ತ ಹೇಳಿ ಮುಗಿಸಿದ. ಆ ಕಡೆ ಪುಟ ತಿರುವುವ ಸದ್ದು ಕೇಳಿಸಿತು. ಕೊನೆಗೆ, “ಸತ್ತೋರಿಗೆ ಹುಟ್ಟುವರ್ಷ ಇಲ್ಲ” ಎಂದು ಫೋನಿಟ್ಟುಬಿಟ್ಟಳು. ಮೂಲೆಯಲ್ಲಿ ಕೂತಿದ್ದ ಮಕಾತೊ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, ಚಿನಾತ್ಸುವಿನ ಹತ್ತಿರ ಬಂದಾಗ, “ನೀನು ಹೂಂ ಅಂದ್ರೆ ಮಾತ್ರ” ಎಂದಳು. ಚಿನಾತ್ಸು ಹೂಂ ಎಂದಳು.

ಅಧಿಕಮಾಸದ ಕೊನೆಯ ದಿನ ಬೆಳಿಗ್ಗೆ, ಉಬ್ಬರ ಏರುವ ಹೊತ್ತಿಗೆ, ಅದು ಇಳಿಯುವ ಮೊದಲೇ ಗೋರಿಯ ಕೆಲಸ ಮುಗಿಯಬೇಕಾದ್ದರಿಂದ, ಮಕಾತೊ ಅಜ್ಜಿಯನ್ನು ಸಾಯಿಸಿದೆವು. ತನ್ನ ಸಾವಿಗೆಂದು ಎಂಬತ್ತೆರಡನೆಯ ವಯಸ್ಸಿನಲ್ಲಿ ತಾನೇ ನೇಯ್ದಿಟ್ಟುಕೊಂಡಿದ್ದ ಬಾಳೆನಾರಿನ ಬಿಳಿಯುಡುಗೆಯನ್ನು ಕಿಕುಯೆ ಉಡಿಸಿದಳು. ಸೇಯಿತೋಕುವಿನ ಸಣ್ಣ ಟ್ರಕ್ಕಿನ ಹಿಂದೆ ಚಾಪೆ ಹಾಸಿ ಮಲಗಿಸಿ, ತಲೆಯ ಬಳಿ ಅನ್ನದ ಬಟ್ಟಲಿಟ್ಟರು. ಪಕ್ಕದಲ್ಲಿ ಗೋಜೆ ಗುಂಡಗೆ ಕೂತಳು.

“ಕಣ್ಣು ಮುಚ್ಚು. ಸತ್ತೋರು ಹಂಗೆ ಪಿಳಿಪಿಳಿ ನೋಡಲ್ಲ.”

“ಬಿಸಿಲು ಕಣೇ.”

“ಸತ್ತೋರಿಗೆ ಬಿಸಿಲೂ ಇಲ್ಲ. ಬಾಯಿ ಮುಚ್ಚು.”

ಟ್ರಕ್ಕು ಹೊರಟಿತು. ಮಕಾತೊ ಹೊರಗೆ ಬಂದಳೆಂದರೆ ಸಾಕು, ಕೈ ಮುಟ್ಟಲು ಓಡಿಬರುತ್ತಿದ್ದ ಊರು ಅವತ್ತು ಬಾಗಿಲು ಹಾಕಿಕೊಂಡಿತ್ತು. ಕದ ಎಳೆದುಕೊಳ್ಳುವ ಸದ್ದು ಒಂದರ ಹಿಂದೊಂದು ಕೇಳಿಸಿತು, ಆಮೇಲೆ ಜೀರುಂಡೆಯ ಸದ್ದಷ್ಟೇ. ಯಾರೂ ‘ಅಜ್ಜೀ’ ಎನ್ನಲಿಲ್ಲ. ಎಲ್ಲರೂ ಒಳಗಿದ್ದಾರೆ, ಚಹಾ ಕುದಿಯುವ ವಾಸನೆಯೂ ಬರುತ್ತಿದೆ, ತಾನೊಬ್ಬಳು ಹೊರಗೆ. ಫುಮಿಗೂ ಹೀಗೇ ಇರುತ್ತದೆಯೇ, ಪ್ರತಿ ವಸಂತದಲ್ಲೂ ನಮ್ಮ ಮಾತೆಲ್ಲ ಕೇಳಿಸುತ್ತಿತ್ತೇ, ಯಾರೂ ಅವಳನ್ನು ಕರೆಯದೆ ಎದ್ದು ಹೋಗುತ್ತಿದ್ದದ್ದೂ ಕೇಳಿಸುತ್ತಿತ್ತೇ ಎಂದುಕೊಂಡು ಸತ್ತ ಮುದುಕಿ ಮುಚ್ಚಿದ ಕಣ್ಣಲ್ಲೇ ಅತ್ತಳು. ಗೋಜೆ ಕಂಡಳು. ಈ ಸಲ ಗದರದೆ ತನ್ನ ತೋಳಂಚಿನಿಂದ ಒರೆಸಿದಳು. ನಮ್ಮೂರಿನಲ್ಲಿ ಇರುವುದೇ ಆರು ಕೂಡುದಾರಿ. ಒಂದನ್ನು ಎರಡು ಸಲ ದಾಟಿಸಿ ಏಳು ಮಾಡಿದರು.

ಗುಡ್ಡದ ಬುಡದಿಂದ ಮೇಲೆ ಟ್ರಕ್ಕು ಹೋಗುವುದಿಲ್ಲ. ಸೇಯಿತೋಕು ಅಮ್ಮನನ್ನು ಬೆನ್ನಿಗೆ ಹಾಕಿಕೊಂಡ. ಎಪ್ಪತ್ತನಾಲ್ಕರವನಿಗೆ ಅದೇನು ನಮ್ಮಲ್ಲಿ ದೊಡ್ಡ ವಿಷಯವಲ್ಲ, ಆದರೂ ಮಂಡಿ ಕಟಕಟ ಎನ್ನುತ್ತಿತ್ತು.

“ಭಾರಾನಾ?”

“ಇಲ್ಲಮ್ಮ. ಏನೂ ಇಲ್ಲ ನೀನು.”

“ಎಡಕ್ಕೆ” ಎಂದಳು ಮಕಾತೊ, ಅಂಗಳ ಕಾಣಿಸುತ್ತಲೇ. ಕೆಳಗಿಳಿಸಿದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಮೂರು ಹೆಜ್ಜೆಯಿಟ್ಟಳು. ಅವು ಇಪ್ಪತ್ತಾರು ವರ್ಷದವಳು ಎಣಿಸಿಟ್ಟ ಹೆಜ್ಜೆಗಳು, ಮುದುಕಿಯವು ಸಣ್ಣವಾಗಿದ್ದವು. ಅದನ್ನೂ ಲೆಕ್ಕ ಹಿಡಿದು ಇನ್ನೆರಡು ಮುಂದೆ ಹೋಗಿ ಮಂಡಿಯೂರಿ, ಎರಡೂ ಅಂಗೈಗಳನ್ನು ನೆಲದ ಮೇಲಿಟ್ಟಳು. “ಇಲ್ಲಿ” ಎಂದಳು.

ಮೊಣಕೈಯುದ್ದ ಹೋಗುವಷ್ಟರಲ್ಲಿ ಸೇಯಿತೋಕು ಗುದ್ದಲಿ ಬಿಟ್ಟು ಕೈಯಲ್ಲೇ ಮಣ್ಣು ಬಿಡಿಸತೊಡಗಿದ. ಹವಳದ ಮರಳು ಬೆರೆತ ಮಣ್ಣು ಎಲ್ಲವನ್ನೂ ಹಾಗೇ ಇಟ್ಟಿತ್ತು. ಎತ್ತುವ ಮೊದಲು ಮನೆಯ ಹಿರಿಮಗ ಸತ್ತವರನ್ನು ಹೆಸರು ಹಿಡಿದು ಕರೆದು ಹೇಳಬೇಕು, ಇಂಥ ಕಡೆಗೆ ಕರೆದುಕೊಂಡು ಹೋಗುತ್ತೇವೆಂದು.  ಹೆಸರು ಹಿಡಿದು ಕರೆಯಲು ಅವನಿಗೆ ಆಗಲಿಲ್ಲ. ಬಿಳಿಗೂದಲಿನ ತಲೆಯನ್ನು ಆ ಸಣ್ಣ ಗುಂಡಿಯೊಳಕ್ಕೆ ಬಗ್ಗಿಸಿ, “ಅಕ್ಕಾ, ಏಳು. ಮನೆಗೆ ಹೋಗೋಣ” ಎಂದ.

ಕಿಕುಯೆಯೂ ಗೋಜೆಯೂ ಒಂದೊಂದಾಗಿ ಸಾರಾಯಿಯಲ್ಲಿ ತೊಳೆದು ಬಿಳಿ ಬಟ್ಟೆಯ ಮೇಲೆ ಇಡುತ್ತ ಹೋದರು. ಪಾದದ ಕಡೆಯಿಂದ ಶುರುಮಾಡಿ ಭರಣಿಗೆ ತುಂಬುವುದು, ತಲೆ ಕೊನೆಗೆ. ತಲೆಯನ್ನು ಮಕಾತೊ ತಾನೇ ತೊಳೆದಳು. ತೊಳೆದು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಅದರಲ್ಲಿ ಮುಖವಿರಲಿಲ್ಲ. ಕಣ್ಣಿನ ಎರಡು ಗುಳಿ, ನಡುವೆ ಮೂಗಿನ ತೂತು. ಯಾರದಾದರೂ ಆಗಬಹುದಾಗಿತ್ತು.  ಇಷ್ಟಕ್ಕೇ ಬಂದೆನೇ ಎಂಬಂತೆ ಒಮ್ಮೆ ಮಗನನ್ನು ನೋಡಿದಳು.

ಹೆಬ್ಬೆರಳಿನಿಂದ ಹಲ್ಲಿನ ಸಂದಿಯ ಮಣ್ಣು ಒರೆಸುತ್ತಿದ್ದಾಗ ಮೇಲಿನ ಸಾಲಿನ ಮುಂಭಾಗದ ಒಂದು ಹಾಲುಹಲ್ಲು ಬೆರಳಿಗೆ ಚುಚ್ಚಿತು. ಮೂಲೆ ಮುರಿದಿತ್ತು. ಫುಮಿ ಮಗ್ಗದ ಕಟ್ಟಿಗೆಗೆ ಎಡವಿ ಬಿದ್ದು ಮುರಿದುಕೊಂಡದ್ದು. ರಕ್ತ ನಿಂತ ಮೇಲೆ ಆ ಮುರಿದ ಸಂದಿಯಲ್ಲಿ ನಾಲಿಗೆಯ ತುದಿ ತೂರಿಸಿ, ಎಲ್ಲರ ಮುಂದೆಯೂ ನಿಂತು, ನೋಡಿ ನೋಡಿ ಎಂದು ನಗುತ್ತಿದ್ದಳು. ನಗುವಾಗ ಎಡಗಣ್ಣು ಪೂರಾ ಮುಚ್ಚಿಹೋಗುತ್ತಿತ್ತು. ಕೆನ್ನೆಯಲ್ಲಿ ಗುಳಿ ಬೀಳುತ್ತಿರಲಿಲ್ಲ, ಗದ್ದದಲ್ಲಿ ಬೀಳುತ್ತಿತ್ತು. ಹುಬ್ಬು ಅಪ್ಪನದು. ಎಲ್ಲ ಬಂತು. ಹದಿನೈದು ವರ್ಷದಿಂದ ಬಾರದೆ ಕಾಡಿಸಿದ್ದವಳು ಅಮ್ಮನ ಕೈಯೊಳಗೇ ಬಂದು ನಕ್ಕಳು.

“ಬಂದ್ಯಾ” ಎಂದಳು ಮಕಾತೊ. 

ಉಳಿದ ಮಣ್ಣನ್ನೂ ಒರೆಸಿದ ಮೇಲೆ, “ಸೇಯಿತೋಕು, ಇಲ್ಲಿ ನೋಡೋ” ಎಂದು ಕರೆದಳು. ಮುರಿದ ಹಲ್ಲಿನ ಮೇಲುಗಡೆ, ಮೂಳೆ ಸವೆದು ಸೀಳಿದ ಕಡೆ, ಒಳಗೆ ಇನ್ನೊಂದು ಹಲ್ಲು ಕಾಣಿಸುತ್ತಿತ್ತು. ಅಗಲವಾದದ್ದು, ದೊಡ್ಡವರದು, ಒಂದು ತುತ್ತನ್ನೂ ಅಗಿಯದ ಬೆಳ್ಳನೆಯ ಹಲ್ಲು. ಅದರ ಪಕ್ಕ ಮತ್ತೊಂದು. ಹುಟ್ಟಲು ಸಾಲಾಗಿ ನಿಂತು ಹಾಗೇ ಉಳಿದಿದ್ದವು.

“ಎಲ್ಲಾ ತಯಾರಿ ಮಾಡ್ಕೊಂಡಿದ್ಳು ಕಣೋ ಇವ್ಳು” ಎಂದಳು ಮಕಾತೊ. “ದೊಡ್ಡೋಳಾಗೋದಕ್ಕೆ.”

ಕಿಕುಯೆ ಭರಣಿಯ ಬಾಯಿ ಹಿಡಿದುಕೊಂಡು, “ಅತ್ತೆ, ಉಬ್ಬರ ಇಳಿಯೋಕೆ ಶುರುವಾಯ್ತು, ಕೊಡಿ” ಎಂದಳು. ಮಕಾತೊ ಕೊಡಲಿಲ್ಲ. ಆ ಹೊಸ ಹಲ್ಲನ್ನು ಬಿಳಿಯುಡುಗೆಯ ಅಂಚಿನಿಂದ ಮತ್ತೆ ಮತ್ತೆ ಒರೆಸುತ್ತ ಕೂತಿದ್ದಳು. ಸೇಯಿತೋಕು ಹೆಂಡತಿಗೆ ಸುಮ್ಮನಿರೆಂದು ಕೈಸನ್ನೆ ಮಾಡಿ, ಅಮ್ಮನ ಪಕ್ಕದಲ್ಲಿ ಮಣ್ಣಿನ ಮೇಲೆ ಕೂತುಕೊಂಡ.